ಆಷಾಢದ ಬ್ಯಾಂಡು

ಹೊನ್ನವಳ್ಳಿ
ತಾ. 20-5-1979

ಇದನ್ನು ಕೈಯಲ್ಲಿ ಹಿಡಿದು ಓದುತ್ತಿರುವವರು ಯಾರೇ ಆಗಿರಲಿ, ಮೊದಲು ಬಾಯಲ್ಲಿರುವ ಎಲೆಅಡಿಕೆ ಉಗಿದು ಬನ್ನಿ. ಬಂದು ಯಜಮಾನರ ಎದುರಿಗೆ ಕೂತು, ಗಟ್ಟಿಯಾಗಿ, ಒಂದು ಸಾಲನ್ನೂ ನುಂಗದೆ ಓದಿ. ಮಗ ಕೆಂಚಪ್ಪನಾದರೆ ಕಾರ್ಖಾನೆಗೆ ಹೊತ್ತಾಯಿತು ಅಂತ ನೆವ ಹೇಳಬೇಡ. ಸೊಸೆ ಸುವರ್ಣಮ್ಮನಾದರೆ ಒಲೆಯ ಮೇಲೆ ಹಾಲಿಟ್ಟು ಬಂದು ಓದಬೇಡ. ಹೋದ ಸಲ ನಾನು ಮೂರು ಹಾಳೆ ಬರೆದಿದ್ದೆ. ಹಸು ಈದ ಸಮಾಚಾರ ಅದರಲ್ಲಿತ್ತು. ನಿಮ್ಮಿಂದ ಬಂದ ಕಾರ್ಡಿನಲ್ಲಿ ಕರುವಿನ ಸೊಲ್ಲೇ ಇಲ್ಲ. ಹಸು ಈದಿದೆ ಅಂದರೆ ಹೆಣ್ಣು ಕರುವೋ ಗಂಡು ಕರುವೋ ಅಂತ ಕೇಳದೆ ಸುಮ್ಮನಿರುವ ಮನುಷ್ಯ ಅಲ್ಲ ಅವರು. ಅಂದಮೇಲೆ ನೀವು ಓದಿಯೇ ಇಲ್ಲ. "ಊರಲ್ಲಿ ಎಲ್ಲಾರೂ ಚೆನ್ನಾಗವ್ರಂತೆ ಮಾವ" ಅಂತ ಒಂದು ಮಾತಿನಲ್ಲಿ ನನ್ನ ಮೂರು ಹಾಳೆಯನ್ನು ಮುಗಿಸಿದ್ದೀರಿ. ಅವರಿಗೆ ಮಂಜಾಗಿರುವುದು ಕಣ್ಣು. ಕಿವಿ ಅಲ್ಲ.

ಈಗ ನಿಮಗೆ.

ಯಜಮಾನರಿಗೆ ಹೊಂಬಾಳಮ್ಮ ಮಾಡುವ ನಮಸ್ಕಾರ. ನಾವಿಲ್ಲಿ ಹೊತ್ತಿಗೆ ಸರಿಯಾಗಿ ಮುದ್ದೆ ಉಂಡುಕೊಂಡು ಇದ್ದೇವೆ. ನೀವೂ ಹಾಗೇ ಇದ್ದೀರಿ ಅಂತ ಕಾರ್ಡು ಹೇಳುತ್ತದೆ. ಕಾರ್ಡಿನ ಮಾತನ್ನು ನಾನು ಅರ್ಧ ನಂಬುತ್ತೇನೆ. ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ನನ್ನದು ಮೂರನೇ ಕ್ಲಾಸಿನ ಅಕ್ಷರ, ಒಂದು ಹಾಳೆ ತುಂಬುವಷ್ಟರಲ್ಲಿ ಸಂಜೆ ಕಳೆದಿರುತ್ತದೆ. ಕರು ಹೆಣ್ಣೋ ಗಂಡೋ ಅಂತ ಈ ಸಲ ಬರೆಯುವುದಿಲ್ಲ. ಅದನ್ನು ನೀವೇ ಬಾಯಿಬಿಟ್ಟು ಕೇಳಬೇಕು.

ನಾನೊಂದು ಕೆಲಸಕ್ಕೆ ಕೈ ಹಾಕಿದ್ದೇನೆ. ಕೇಳಿ ನಗುತ್ತೀರಿ, ನಗಿ. ಊರಿಗೆ ಬ್ಯಾಂಡು ಕರೆಸುತ್ತಿದ್ದೇನೆ. ಮದುವೆಗಲ್ಲ, ದೇವರ ಉತ್ಸವಕ್ಕಲ್ಲ. ಸುಮ್ಮನೆ ಕೇಳುವುದಕ್ಕೆ. ಟಿಕೀಟಿಲ್ಲ, ಮುಯ್ಯಿಲ್ಲ. ಕಿವಿ ಇದ್ದವರೆಲ್ಲ ಬರಬಹುದು.

ಆದದ್ದು ಹೀಗೆ. ನಮ್ಮ ಹಿತ್ತಿಲ ಹಿಂದಿನ ಮನೆಯ ಭೂತಮ್ಮ ಗೊತ್ತಲ್ಲ, ಗಂಡ ಹೋದ ಮೇಲೆ ತೆಂಗಿನ ಮಟ್ಟೆ ಸುಲಿದು, ನಾರು ಬಡಿದು ಮಗಳನ್ನು ಸಾಕಿದವಳು. ಹೋದ ತಿಂಗಳು ಆ ಹುಡುಗಿಯ ಮದುವೆ ಆಯಿತು. ಚಪ್ಪರಕ್ಕೆ ನಾಲ್ಕು ಗರಿ, ಅನ್ನ, ಸಾರು, ಬೆಲ್ಲದ ಪಾಯಸ. ಅವತ್ತೇ ಮೇಲಿನ ಬೀದಿಯಲ್ಲಿ ದೊಡ್ಡ ಮನೆಯವರ ಮದುವೆ. ತಿಪಟೂರಿಂದ ಬ್ಯಾಂಡು ಬಂದಿತ್ತು. ಆ ಮೆರವಣಿಗೆ ಭೂತಮ್ಮನ ಬೀದಿಗೆ ತಿರುಗಿತು ನೋಡಿ, ಬ್ಯಾಂಡಿನವರು ಬಾರಿಸುವುದನ್ನು ನಿಲ್ಲಿಸಿಬಿಟ್ಟರು. ಕರೆದವರ ಬೀದಿ ಮುಗಿದಿತ್ತಲ್ಲ. ತುತ್ತೂರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬೀಡಿ ಹಚ್ಚಿಕೊಂಡು, ಇವಳ ಚಪ್ಪರದ ಮುಂದೆ ಸುಮ್ಮನೆ ನಡೆದುಹೋದರು. ಭೂತಮ್ಮ ಮಾರನೇ ದಿನ ಬೋರ್‌ವೆಲ್ಲಿನ ಹತ್ತಿರ ಕೊಡ ಇಟ್ಟುಕೊಂಡು ಹೇಳಿದಳು: "ಅಕ್ಕಾ, ನಾನೇನು ನಂಗೋಸ್ಕರ ಊದ್ರಪ್ಪ ಅಂತ ಕೇಳಿರ್ಲಿಲ್ಲ. ಊದ್ತಾ ಬಂದೋರು ಊದ್ತಾ ಹೋಗಿದ್ರೆ ಅವ್ರ ಗಂಟೇನು ಹೋಗ್ತಿತ್ತು? ನಮ್ಮನೆ ಮುಂದೇನೇ ಬಾಯ್ ಮುಚ್ಚಬೇಕಿತ್ತಾ?"

ನಾನು ಕೊಡವನ್ನು ಮನೆಯಲ್ಲಿಟ್ಟವಳೇ ನಿಮ್ಮ ಜೊತೆ ಡ್ರಮ್ಮು ಬಾರಿಸುತ್ತಿದ್ದ ಹುಚ್ಚಣ್ಣನನ್ನು ಕರೆದು ಕೇಳಿದೆ, ಯಾರ ಬಾಗಿಲಲ್ಲೂ ಬಾಯಿ ಮುಚ್ಚದ ಹಾಗೆ ಊರೆಲ್ಲ ಬಾರಿಸಬೇಕೆಂದರೆ ಎಷ್ಟಾಗುತ್ತದಯ್ಯಾ ಅಂತ. ಅವನು ತಲೆ ಕೆರೆದುಕೊಂಡು, "ಆಷಾಢದಾಗೆ ಕರೆಸು ಹೊಂಬಾಳಕ್ಕ. ಆಷಾಢದಾಗೆ ಮದ್ವೆ ಇಲ್ಲ, ಮುಂಜಿ ಇಲ್ಲ. ಬ್ಯಾಂಡ್ನೋರು ನೊಣ ಹೊಡೀತಾ ಕೂತಿರ್ತಾರೆ. ಅರ್ಧಕ್ಕೆ ಬತ್ತಾರೆ" ಅಂದ. ತಿಪಟೂರಿನ ಒಂದು ಬ್ಯಾಂಡ್ ಸೆಟ್ಟು, ಚಿಕ್ಕನಾಯಕನಹಳ್ಳಿಯ ಒಂದು ಸೆಟ್ಟು ಅಂತ ಮಾತಾಯಿತು. ಜೊತೆಗೆ, ನೀವು ವಯಸ್ಸಿನಲ್ಲಿ ಕಟ್ಟಿದ್ದಿರಲ್ಲ ನಮ್ಮೂರ ಸೆಟ್ಟು, ಅದರಲ್ಲಿ ಉಳಿದವರೂ ನುಡಿಸಬೇಕು ಅಂತ ನಾನು ಹಟ ಹಿಡಿದಿದ್ದೇನೆ.

ಊರಲ್ಲಿ ದುಡ್ಡೆಲ್ಲಿದೆ? ಕೊಬ್ಬರಿ ಮಂಡಿಗೆ ಹೋಗುವ ತನಕ ಯಾರ ಸೆರಗಿನಲ್ಲೂ ಗಂಟಿಲ್ಲ. ಆದರೆ ಅಟ್ಟದ ಮೇಲೆ ಕಾಯಿ ಇಲ್ಲದ ಮನೆಯೂ ಇಲ್ಲ. ಅದಕ್ಕೆ ನಾನು ದುಡ್ಡು ಕೇಳದೆ ಕಾಯಿ ಕೇಳುತ್ತಿದ್ದೇನೆ. ವರ್ಷವಿಡೀ ಅಟ್ಟದಲ್ಲಿ ಕೂತು ಒಳಗೊಳಗೇ ಉಂಡೆ ಕೊಬ್ಬರಿಯಾದ ಕಾಯಿ. ಅದರಲ್ಲೂ ನನ್ನ ಹತ್ತಿರ ಆಟ ನಡೆಯುವುದಿಲ್ಲ. ಕೊಟ್ಟ ಕಾಯಿಯನ್ನೆಲ್ಲ ಅವರ ಬಾಗಿಲಲ್ಲೇ ಕಿವಿಗೆ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ಗುಡುಗುಡು ಉರುಳಿದರೆ ಗಾಡಿಗೆ. ಗುಳುಗುಳು ಅಂತ ನೀರಾಡಿದರೆ ಅವರ ಕೈಗೇ ವಾಪಸ್ಸು. "ಧರ್ಮಕ್ಕೆ ಕೊಟ್ಟ ಕಾಯೀನೂ ಅಲ್ಲಾಡಿಸ್ತೀಯಲ್ಲ ಮುದ್ಕೀ" ಅಂತ ನಿಮ್ಮ ಸೆಟ್ಟಿನ ತುತ್ತೂರಿ ಲಕ್ಕಯ್ಯನ ಹೆಂಡತಿ ಅಂದಳು. "ನಿನ್ ಗಂಡನ್ ಹಲ್ಲೂ ಹಿಂಗೇ ಅಲ್ಲಾಡ್ತವೆ, ತುತ್ತೂರಿ ಊದೋಕೆ ಮುಂಚೆ ಅವನ್ನೂ ನೋಡ್ತೀನಿ" ಅಂದೆ. ನಕ್ಕು ಇನ್ನೊಂದಿಷ್ಟು ಕೊಟ್ಟಳು.

ನಾನಿರುವ ಮನೆಯ ಮಗನಿಗೆ ಮಾತ್ರ ಇದು ಹಿಡಿಸಿಲ್ಲ. ಮಾಯಣ್ಣ ಊಟಕ್ಕೆ ಕೂತವನು, "ಮನೇಲಿ ಅಟ್ಟದ ತುಂಬಾ ಇಟ್ಕಂಡು ಊರ ತುಂಬಾ ಬೇಡ್ತೀಯಲ್ಲವ್ವ, ನಾನು ತಲೆ ಎತ್ಕಂಡು ಓಡಾಡಂಗಿಲ್ಲ" ಅಂದ. "ಎತ್ತಬ್ಯಾಡ ಬುಡು. ತಗ್ಗಿಸ್ಕಂಡೇ ಓಡಾಡು, ಎಡವೋದಾದ್ರೂ ತಪ್ತದೆ" ಅಂದೆ. ಅವನು ಹೇಳಿದ್ದು ಅಟ್ಟದ ಮೂಲೆಯಲ್ಲಿರುವ ನಿಮ್ಮ ಕಾಯಿಯ ವಿಚಾರ. ನೀವು ಭದ್ರಾವತಿಗೆ ಹೊರಡುವ ದಿನ ನಿಮ್ಮ ಕೈಯಾರೆ ಏರಿಸಿದಿರಲ್ಲ, "ಏ ಇವಳೇ, ಇವು ಉಂಡೆ ಆಗೋ ಹೊತ್ಗೆ ಬಂದ್‌ಬುಡ್ತೀನಿ ಕಣೇ" ಅಂದಿರಲ್ಲ, ಅವು. ಅವುಗಳ ಮಟ್ಟೆಗೆ ಕೈ ಹಾಕಲು ನಾನು ಯಾರನ್ನೂ ಬಿಟ್ಟಿಲ್ಲ. ಅವಾದ ಮೇಲೆ ಏರಿಸಿದ ಕಾಯಿಗಳೆಲ್ಲ ಒಣಗಿ, ಸುಲಿದು, ಮಂಡಿಗೆ ಹೋಗಿ, ಅವುಗಳ ದುಡ್ಡಿನಲ್ಲಿ ತಂದ ಸೀರೆಯೂ ಹಳೆಯದಾಯಿತು.

ನಿಮ್ಮ ಬಾಸು ಚೆನ್ನಾಗಿದೆ. ಸುವರ್ಣಾ, ಅದನ್ನು ಊದುವುದನ್ನು ನೀನು ನೋಡಿಲ್ಲ. ಮೈಗೆ ಹಾವಿನಂತೆ ಸುತ್ತಿಕೊಳ್ಳುವ ದೊಡ್ಡ ಹಿತ್ತಾಳೆ ವಾದ್ಯ, ಬಾಯಿ ಕೊಳಗದಷ್ಟು ಅಗಲ. ನಿನ್ನ ಮಾವ ಅದನ್ನು ಊದಿ ಊದಿಯೇ ಊರಿಗೆಲ್ಲ ಬಾಸಣ್ಣ ಆದದ್ದು. ಮಿಕ್ಕವರೆಲ್ಲ ಹಾಡು ನುಡಿಸಿದರೆ ಇವರದ್ದು ಬರೀ ಭೋಂ. ಹಾಡು ಯಾವುದಾದರೂ ಇರಲಿ, ಇವರದ್ದು ಭೋಂ, ಭೋಂ. ಮದುವೆಯಾದ ಹೊಸದರಲ್ಲಿ ನಾನು, "ಎಲ್ಲಾರಿಗೂ ಒಂದೊಂದು ಹಾಡು ಬತ್ತದೆ, ನಿಮಗೊಂದೂ ಬರಲ್ವಾ?" ಅಂತ ಅಣಕಿಸುತ್ತಿದ್ದೆ. ಮೂರು ವರ್ಷದ ಕೆಳಗೆ ಅಣ್ಣತಮ್ಮಂದಿರು ಪಾಲಾದಾಗ ಹಿತ್ತಾಳೆ ಪಾತ್ರೆಗಳನ್ನೆಲ್ಲ ತೂಗಿದರಲ್ಲ, ಆಗ ಬಾಸನ್ನೂ ತಕ್ಕಡಿಗೆ ಇಟ್ಟರು. ದೊಡ್ಡ ಹಂಡೆ ಕೆಂಚಪ್ಪನ ಕಡೆ ಹೋಗಿದ್ದಕ್ಕೆ ಸರಿತೂಗಲಿ ಅಂತ ಬಾಸು ಮಾಯಣ್ಣನ ಕಡೆ ಬಂತು. ಹಂಗೇ ನೀವು ಕೆಂಚಪ್ಪನ ಪಾಲಿಗೆ, ನಾನು ಮಾಯಣ್ಣನ ಪಾಲಿಗೆ. ಊದುವವರು ಅಲ್ಲಿ, ವಾದ್ಯ ಇಲ್ಲಿ. ಅಣ್ಣತಮ್ಮಂದಿರಿಗೆ ಇವತ್ತಿಗೂ ಮಾತಿಲ್ಲ, ಆದ್ದರಿಂದ ನಾನು ಆ ಹೊಸಿಲು ತುಳಿಯುವ ಹಾಗಿಲ್ಲ, ನೀವು ಈ ಹೊಸಿಲು ತುಳಿಯುವ ಹಾಗಿಲ್ಲ.

ಆದರೆ ಬ್ಯಾಂಡಿಗೆ ಬರಬಹುದಲ್ಲ? ಈ ವಯಸ್ಸಿನಲ್ಲಿ ಹೆಂಡತಿಯನ್ನು ನೋಡಲು ಬಂದ ಅಂದರೆ ಊರು ನಗುತ್ತದೆ. ಬ್ಯಾಂಡಿಗೆ ಬಂದ ಅಂದರೆ ನಗುವವರು ಯಾರು? ನಡುವೆ ಬದಲಿಸಬೇಕಾಗಿಲ್ಲ, ಒಂದೇ ರೈಲು. ಭದ್ರಾವತಿಯಲ್ಲಿ ಕೂರಿಸಿದರೆ ತಿಪಟೂರಲ್ಲಿ ಇಳಿಸಿಕೊಳ್ಳಲು ಹುಚ್ಚಣ್ಣ ಬರುತ್ತಾನೆ. ಜುಲೈ ಎಂಟನೇ ತಾರೀಕು, ಭಾನುವಾರ. ಬಾಸಿಗೆ ಹುಣಸೆಹಣ್ಣು ತಿಕ್ಕಿ ಬೆಳಗಿಟ್ಟಿದ್ದೇನೆ.

ಸುವರ್ಣಮ್ಮನಿಗೂ ಮಕ್ಕಳಿಗೂ ಆಶೀರ್ವಾದ.

ಹೊಂಬಾಳಮ್ಮ


ಹೊನ್ನವಳ್ಳಿ
ತಾ. 24-6-1979

ಸುವರ್ಣಾ, ಓದುವ ಮುಂಚೆ ನಿನಗೊಂದು ಮಾತು. ನಿನ್ನ ಕಾರ್ಡು ತಲುಪಿತು. "ಕರು ಹೆಣ್ಣೋ ಗಂಡೋ ಎಂದು ಮಾವನವರು ಕೇಳಿದ್ದಾರೆ" ಅಂತ ಬರೆದಿದ್ದೀಯ. ನಾನು ಅದನ್ನು ಎಷ್ಟು ಸಲ ಓದಿದೆನೋ. ಅದು ಅವರು ಕೇಳಿದ್ದೋ, ನಾನು ಬೈದೆ ಅಂತ ನೀನು ಬರೆದದ್ದೋ ತಿಳಿಯಲಿಲ್ಲ. ಅವರೇ ಆಗಿದ್ದರೆ "ಹೆಣ್ಣೇನೇ?" ಅಂತಲೇ ಕೇಳುತ್ತಿದ್ದರು. ಯಾವಾಗಲೂ ಹೆಣ್ಣು ಕರುವಿನ ಆಸೆ ಅವರಿಗೆ. ಹೋಗಲಿ, ಓದು.

ಯಜಮಾನರಿಗೆ ನಮಸ್ಕಾರ. ಹೆಣ್ಣು ಕರು. ಹಣೆಯಲ್ಲಿ ಬಿಳಿ ಬೊಟ್ಟು. ನೀವು ಬರುತ್ತೀರೋ ಇಲ್ಲವೋ ಅನ್ನುವುದಕ್ಕೆ ಕಾರ್ಡಿನಲ್ಲಿ "ನೋಡೋಣ" ಅಂತಿದೆ. ನೋಡೋಣ ಅನ್ನುವುದು ಮಗನ ಮಾತು, ನಿಮ್ಮದಲ್ಲ.

ಕಾಯಿ ಕೂಡಿಸುವ ಕೆಲಸ ಮುಗಿಯಿತು. ಗಾಡಿ ಕಟ್ಟಿಸಿ, ನಾನೂ ಭೂತಮ್ಮನೂ ಕಾಯಿಯ ಮೇಲೆ ಕೂತು, ತಿಪಟೂರಿನ ಮಂಡಿಗೆ ಹೋದೆವು. ಮಂಡಿಯ ಬಸವರಾಜಪ್ಪನವರು ನಾವು ಬಂದ ಕಾರಣ ಕೇಳಿ ಬಹಳ ಖುಷಿಪಟ್ಟರು. ಕಾಫಿ ತರಿಸಿದರು. ಆಮೇಲೆ, "ನೋಡ್ರಮ್ಮ, ಇಷ್ಟು ಕಷ್ಟ ಯಾಕೆ? ಎರಡು ಸೆಟ್ಟಿನ ಖರ್ಚೂ ನಂದೇ. ನಮ್ಮ ಅಂಗಡಿ ಹೆಸರಿನ ಒಂದು ಬೋರ್ಡು ಮುಂದೆ ಹಿಡ್ಕೊಂಡು ಬರ್ಲಿ. ಸಂಜೆ ಶಾಲೆ ಬಯಲಿನಾಗೆ ನುಡಿಸೋವಾಗ ಮುಂದುಗಡೆ ಒಂದಿಪ್ಪತ್ತು ಕುರ್ಚಿ ನಮ್ಮ ವರ್ತಕರಿಗೆ ಅಂತ ಹಾಕ್ಸಿ, ಸಾಕು" ಅಂದರು.

ಭೂತಮ್ಮ ನನ್ನ ಮುಖ ನೋಡಿದಳು. ಹೂಂ ಅನ್ನು ಅಕ್ಕ ಅನ್ನುವ ಹಾಗೆ ನೋಡಿದಳು. ನಾನು ಕಾಫಿ ಲೋಟ ಕೆಳಗಿಟ್ಟು, "ಸ್ವಾಮಿ, ಇಪ್ಪತ್ತು ಕುರ್ಚಿ ಹಾಕಿದ್ರೆ ಅದರ ಹಿಂದೆ ನಿಂತ್ಕಳೋರು ಯಾರು ಅಂತ ಮೊದಲೇ ಬರೆದಿಟ್ಟಂಗಾಯ್ತಲ್ಲ. ಇವಳು ಒಂದ್ ಸಲ ನಿಂತು ನೋಡಿದ್ದು ಸಾಕು. ನೀವು ಬನ್ನಿ. ನಮ್ಮ ಜೊತೆ ನೆಲದ ಮೇಲೆ ಕೂತ್ಕಳಿ. ಚಾಪೆ ನಾನು ಕೊಡ್ತೀನಿ" ಅಂದೆ. ಅವರಿಗೆ ಸಿಟ್ಟು ಬರಲಿಲ್ಲ, ನಕ್ಕರು. ಆದರೆ ಕಾಯಿಗೆ ಪೇಟೆಯ ಧಾರಣೆಯ ಮೇಲೆ ಒಂದು ಕಾಸೂ ಹೆಚ್ಚು ಕೊಡಲಿಲ್ಲ. ವ್ಯಾಪಾರ ಅಂದರೆ ವ್ಯಾಪಾರ.

ಬಂದದ್ದು ಒಂದು ಸೆಟ್ಟಿಗಾಯಿತು. ಚಿಕ್ಕನಾಯಕನಹಳ್ಳಿಯವರಿಗೆ ಸಾಲಲಿಲ್ಲ. ಮತ್ತೆ ಯಾರ ಬಾಗಿಲಿಗೆ ಹೋಗಲಿ? ಎರಡೆರಡು ಸಲ ಕೊಟ್ಟವರಿದ್ದಾರೆ. ಮನೆಗೆ ಬಂದು ಅಟ್ಟ ಹತ್ತಿದೆ. ಬೈಯಬೇಡಿ, ಏಣಿಯನ್ನು ಭೂತಮ್ಮ ಹಿಡಿದಿದ್ದಳು.

ನಿಮ್ಮ ಕಾಯಿಯನ್ನು ಒಂದೊಂದಾಗಿ ಕಿವಿಗೆ ಹಿಡಿದು ನೋಡಿದೆ. ಗುಡುಗುಡು ಅನ್ನುವ ದಿನ ಯಾವತ್ತೋ ಕಳೆದಿತ್ತು. ಒಳಗೆ ಕೊಬ್ಬರಿ ಸುಕ್ಕಿ ಚಿಕ್ಕದಾಗಿ ಕಟಕಟ ಅನ್ನುತ್ತಿತ್ತು, ಗೋಲಿ ಹಾಕಿದ ಹಾಗೆ. ಕೆಲವು ಏನೂ ಅನ್ನಲಿಲ್ಲ. ಹುಚ್ಚಣ್ಣ ಸುಲಿದು ಒಡೆದ. ಒಳಗೆಲ್ಲ ಹಳದಿ ತಿರುಗಿ, ಎಣ್ಣೆ ಕಮಟು. ಹುಳ ಬಿದ್ದು ಬರೀ ಪುಡಿ ಆದದ್ದೂ ಇತ್ತು. ಮಂಡಿಗೆ ಒಯ್ದರೆ ಬಸವರಾಜಪ್ಪನವರು ಮೂಸಿ ನೋಡಿ, "ಯಾವ ಕಾಲದ ಕಾಯಮ್ಮ ಇದು? ಯಾಕೆ ಇಷ್ಟು ದಿನ ಇಟ್ರಿ?" ಅಂದರು. ನಾನು "ಮರ್ತಿದ್ವಿ" ಅಂದೆ. ಅವರು ಗಾಣದವನಿಗೆ ಅಂತ ತೆಗೆದುಕೊಂಡು, ನನ್ನ ಮುಖ ನೋಡಿ ಏನನ್ನಿಸಿತೋ, ಒಳ್ಳೇ ಕೊಬ್ಬರಿಯ ಧಾರಣೆಯನ್ನೇ ಕೊಟ್ಟರು. ಬೋರ್ಡು ಕುರ್ಚಿ ಯಾವ ಮಾತೂ ಆಡಲಿಲ್ಲ.

ಹೀಗೆ ಎರಡನೇ ಸೆಟ್ಟು ನಿಮ್ಮ ಕಾಯಿಯಿಂದ ಬರುತ್ತಿದೆ. ಕೇಳದೆ ಕೊಟ್ಟೆ. ಕೇಳಿದ್ದರೆ ಕಾರ್ಡಿನಲ್ಲಿ "ನೋಡೋಣ" ಅಂತ ಬರುತ್ತಿತ್ತು. ಅಟ್ಟದ ಆ ಮೂಲೆಯನ್ನು ಗುಡಿಸಿದ್ದೇನೆ. ಈಗ ಅಲ್ಲಿ ಏನೂ ಇಲ್ಲ. ನೀವು ಹೇಳಿದ ಗಡುವಿಗೆ ಇನ್ನು ನಾನು ನೋಡಿಕೊಂಡಿರಲು ಯಾವ ಕಾಯಿಯೂ ಉಳಿದಿಲ್ಲ. ಬಂದುಬಿಡಿ.

ಹೊಂಬಾಳಮ್ಮ


ಹೊನ್ನವಳ್ಳಿ
ತಾ. 12-7-1979

ಯಜಮಾನರಿಗೆ ನಮಸ್ಕಾರ. ಸುವರ್ಣಾ, ನಿನಗೂ. ಈ ಸಲ ನಿನ್ನನ್ನು ಬೈಯಲು ನನಗೆ ತ್ರಾಣವಿಲ್ಲ, ನೀನಾಗಿಯೇ ಪೂರಾ ಓದು.

ಕೂಡಲೇ ಬರೆಯಬೇಕಿತ್ತು. ನಾಲ್ಕು ದಿನ ಪಾತ್ರೆ, ಚಾಪೆ, ಕೊಳಗ ಅವರವರ ಮನೆಗೆ ತಲುಪಿಸುವುದರಲ್ಲೇ ಆಯಿತು. ಅದೂ ಅಲ್ಲದೆ ಕೂತರೆ ಅಕ್ಷರ ಬರುತ್ತಿರಲಿಲ್ಲ.

ಸುವರ್ಣಾ, ಶನಿವಾರ ನಿನ್ನ ಕಾರ್ಡು ಬಂತು. "ಮಾವನವರಿಗೆ ಪ್ರಯಾಣ ಆಗುವುದಿಲ್ಲ. ಕಾರ್ಯಕ್ರಮ ಯಶಸ್ವಿಯಾಗಲೆಂದು ಹಾರೈಸಿದ್ದಾರೆ." ಹಾರೈಸಿದ್ದಾರೆ! ಅವರ ಬಾಯಿಗೆ ಆ ಮಾತು ಯಾವತ್ತು ಬಂದಿತ್ತು? ಅವರು ಏನಾದರೂ ಅಂದಿದ್ದರೆ, "ಆ ಲಕ್ಕಯ್ಯಂಗೆ ಹಲ್ಲಿಲ್ಲ, ಗಾಳಿ ಸೋರ್ತದೆ, ಹುಷಾರು" ಅನ್ನುತ್ತಿದ್ದರು. ಅದಕ್ಕೇ ನಾನು ಆ ಕಾರ್ಡನ್ನು ಯಾರಿಗೂ ತೋರಿಸಲಿಲ್ಲ. ಭಾನುವಾರ ಬೆಳಿಗ್ಗೆ ಹುಚ್ಚಣ್ಣನನ್ನು ಗಾಡಿ ಕಟ್ಟಿಸಿ ಸ್ಟೇಷನ್ನಿಗೆ ಕಳಿಸಿಯೇಬಿಟ್ಟೆ. ಅವನು ಹಳೇ ಬ್ಯಾಂಡಿನ ಕೆಂಪು ಕೋಟು ಹಾಕಿಕೊಂಡು ಹೋದ. ಗುಂಡಿ ಹಾಕಲು ಆಗಲಿಲ್ಲ, ಹೊಟ್ಟೆ ಮುಂದೆ ಬಂದಿದೆ. "ಬಾಸಣ್ಣಂಗೆ ಕಣ್ ಕಾಣಲ್ವಲ್ಲಕ್ಕ, ಕೆಂಪಾದ್ರೆ ಗುರ್ತು ಸಿಕ್ತದೆ" ಅಂದ. ರೈಲು ಬಂತಂತೆ, ಜನ ಇಳಿದರಂತೆ, ರೈಲು ಹೋಯಿತಂತೆ. ಅವನು ಮುಂದಿನ ರೈಲಿಗೂ ನಿಂತಿದ್ದು ಬಂದ. ಬಂದವನು ನನ್ನ ಹತ್ತಿರ ಬರದೆ ಸೀದಾ ಎತ್ತಿಗೆ ನೀರು ಕುಡಿಸಲು ಹೋದ.

ಬ್ಯಾಂಡಿನ ವಿಷಯ ಹೇಳುತ್ತೇನೆ. ಮಧ್ಯಾಹ್ನದಿಂದಲೇ ಸೋನೆ. ಸೋನೆಯಲ್ಲೇ ಎರಡು ಸೆಟ್ಟೂ ಊರಿನ ಎರಡು ಕೊನೆಯಿಂದ ಹೊರಟವು. ನನ್ನದು ಒಂದೇ ಕರಾರು: ಯಾವ ಬೀದಿಯಲ್ಲೂ, ಯಾವ ಬಾಗಿಲಲ್ಲೂ ಊದುವುದನ್ನು ನಿಲ್ಲಿಸಬಾರದು. ಸಂದಿಗೊಂದಿಯೆಲ್ಲ ಹೊಕ್ಕರು. ಯಾರೂ ಕರೆಸದ ಬೀದಿ, ಯಾರೂ ಹೋಗದ ಬೀದಿ, ಎಲ್ಲ. ದನಗಳು ಹಗ್ಗ ಕಿತ್ತುಕೊಂಡವು. ಹಾಸಿಗೆ ಹಿಡಿದಿದ್ದ ಹುಚ್ಚರಂಗಯ್ಯನನ್ನು ಮಗ ಎತ್ತಿಕೊಂಡು ಬಂದು ಜಗಲಿಯ ಮೇಲೆ ಕೂರಿಸಿದ. ಆತ, "ಯಾರ್ದ್ಲಾ ಮದ್ವೆ?" ಅಂತ ಕೇಳಿದ. ಮಗ, "ಯಾರ್ದೂ ಅಲ್ಲ ಕಣಪ್ಪ" ಅಂದ. "ಹಂಗಾರೆ ನಂದೇ ಅನ್ನು" ಅಂತ ಮುದುಕ ಬೊಚ್ಚು ಬಾಯಿ ಬಿಟ್ಟು ನಕ್ಕಿದ್ದನ್ನು ನೀವು ನೋಡಬೇಕಿತ್ತು.

ಭೂತಮ್ಮನ ಬಾಗಿಲಿಗೆ ಬಂದಾಗ ತಿಪಟೂರಿನ ಸೆಟ್ಟಿನ ಮುಂದಾಳು ತಾನಾಗಿಯೇ ನಿಂತ. ಅವನಿಗೆ ಯಾರೋ ಹೇಳಿದ್ದರು ಅಂತ ಕಾಣುತ್ತದೆ, ಮದುವೆಯ ದಿನ ಬೀಡಿ ಹಚ್ಚಿಕೊಂಡು ಹೋದದ್ದು ಇವರೇ. ಕೆಸರಿನಲ್ಲಿ ನಿಂತು ಮದುಮಗಳನ್ನು ಕರೆದುಕೊಂಡು ಹೋಗುವಾಗ ನುಡಿಸುವ ಹಾಡನ್ನು ಪೂರ್ತಿ ನುಡಿಸಿದ. ಆಷಾಢಕ್ಕೆ ತವರಿಗೆ ಬಂದಿರುವ ಅವಳ ಮಗಳು ಕೈಯಲ್ಲಿ ಸಗಣಿ ಸಾರಿಸುತ್ತಿದ್ದ ಪೊರಕೆಯನ್ನು ಹಿಡಿದುಕೊಂಡೇ ನಿಂತಿದ್ದಳು. ಭೂತಮ್ಮ ಅಳುತ್ತಾಳೇನೋ ಅಂದುಕೊಂಡೆ. ಅವಳು, "ಲೇ, ಪೊರಕೆ ಕೆಳಗಿಡೇ ಮೂದೇವಿ, ನಿನ್ ಮದ್ವೆ ನಡೀತೈತೆ" ಅಂತ ಮಗಳಿಗೆ ಬೈದಳು.

ಸಂಜೆ ಎಲ್ಲರೂ ಶಾಲೆಯ ಬಯಲಿಗೆ ಬಂದರು. ಮಂಡಿಯ ಬಸವರಾಜಪ್ಪನವರೂ ಬಂದು ಗೋಣಿಚೀಲ ಹಾಸಿಕೊಂಡು ನೆಲದ ಮೇಲೇ ಕೂತರು. ಪಂಚೆಯೆಲ್ಲ ಕೆಸರು. ಎರಡು ಸೆಟ್ಟಿನ ಮಧ್ಯೆ ನಮ್ಮೂರ ಸೆಟ್ಟು ಎದ್ದಿತು. ಎದ್ದಿತು ಅಂದರೇನು, ಹುಚ್ಚಣ್ಣನ ಡ್ರಮ್ಮು, ಲಕ್ಕಯ್ಯನ ತುತ್ತೂರಿ, ಅಷ್ಟೇ. ಯಾರಿಗೂ ಕುರ್ಚಿ ಇಲ್ಲ ಅಂದಿದ್ದೆನಲ್ಲ. ಆ ಬಯಲಿನಲ್ಲಿ ಇದ್ದದ್ದು ಒಂದೇ ಕುರ್ಚಿ. ಮೇಷ್ಟರದು. ಅದರ ಮೇಲೆ ನಿಮ್ಮ ಬಾಸನ್ನು ಕೂರಿಸಿದ್ದೆ.

ಚಿಕ್ಕನಾಯಕನಹಳ್ಳಿಯ ಹುಡುಗನೊಬ್ಬ ಬಂದು, "ಅಜ್ಜಿ, ನಾನು ಊದ್ಲಾ?" ಅಂದ. ಬೇಡ ಅಂದೆ. ಅವನು ಚೆನ್ನಾಗಿಯೇ ಊದುತ್ತಿದ್ದ, ಅದಕ್ಕೇ ಬೇಡ ಅಂದೆ.

ಲಕ್ಕಯ್ಯ ಹಾಡು ಎತ್ತಿಕೊಂಡ. ಇರುವ ಎರಡು ಹಲ್ಲಿನಲ್ಲೇ ತುತ್ತೂರಿಯನ್ನು ಒತ್ತಿಕೊಂಡು, ಗಾಳಿ ಸೋರಿದರೂ ಬಿಡದೆ, ನಮ್ಮ ಕಾಲದ ಹಾಡುಗಳನ್ನೇ ನುಡಿಸಿದ. ಜನ ಸಿಳ್ಳೆ ಹಾಕಿದರು, ಅಹಹಾ ಅಂದರು. ನನಗೆ ಮಾತ್ರ ಹಾಡು ಕೇಳಿಸಲೇ ಇಲ್ಲ. ಇಷ್ಟು ವರ್ಷ ನಾನು ಅಣಕಿಸಿದ ಆ ಭೋಂ ಎಲ್ಲೆಲ್ಲಿ ಬೀಳಬೇಕಿತ್ತೋ ಅಲ್ಲೆಲ್ಲ ಕಾಲಿಟ್ಟರೆ ನೆಲ ಇಲ್ಲ ಅನ್ನುವ ಹಾಗಾಗುತ್ತಿತ್ತು. ಹುಚ್ಚಣ್ಣನಿಗೂ ಹಾಗೇ ಆಯಿತೋ ಏನೋ, ಆ ಜಾಗ ಬಂದಾಗಲೆಲ್ಲ ಅವನು ಕೋಲು ಎತ್ತಿ, ಬಾಸಿನ ಕಡೆ ನೋಡಿ, ಒಂದು ಕ್ಷಣ ಬಿಟ್ಟು ಹೊಡೆಯುತ್ತಿದ್ದ. ನಿಮಗೆ ಜಾಗ ಬಿಟ್ಟು ಬಾರಿಸುತ್ತಿದ್ದ.

ಜನವೆಲ್ಲ ಹೋದ ಮೇಲೆ ಬಾಸನ್ನು ಎತ್ತಿದರೆ ಒಳಗೆ ನೀರು. ಸೋನೆಯೆಲ್ಲ ಆ ಅಗಲ ಬಾಯಿಯಲ್ಲಿ ತುಂಬಿಕೊಂಡಿತ್ತು. ಬಗ್ಗಿಸಿ ಸುರಿದು, ಸೆರಗಿನಲ್ಲಿ ಒರೆಸಿ, ಯಾರೂ ಇಲ್ಲ ಅಂತ ನೋಡಿ, ನೀವು ಬಾಯಿ ಇಡುವ ಕಡೆ ಬಾಯಿಟ್ಟು ಊದಿದೆ. ನಗಬೇಡ ಸುವರ್ಣಾ. ಫುಸ್ ಅಂತ ಗಾಳಿ ಬಂತು. ಎಷ್ಟು ದಮ್ಮು ಕಟ್ಟಿದರೂ ಅಷ್ಟೇ. ಹಿಂದಿನಿಂದ ಭೂತಮ್ಮನ ಮಗಳು, "ಅಜ್ಜೀ, ಹಂಗಲ್ಲ, ತುಟಿ ಬಿಗಿ ಹಿಡೀಬೇಕಂತೆ" ಅಂದಳು. ಅವಳು ನೋಡುತ್ತಾ ನಿಂತಿದ್ದಳು. ಮಾತು ತಿರುಗಿಸಲು, "ನಿನ್ ಗಂಡ ಯಾವಾಗ ಬತ್ತಾನೆ ಕರ್ಕಂಡ್ ಹೋಗಕೆ?" ಅಂದೆ. "ಶ್ರಾವಣ ಹುಟ್ಟಿದ್ ಮಾರ್ನೇ ದಿನವೇ ಬತ್ತೀನಿ ಅಂದವ್ರೆ" ಅಂದು ನಾಚಿಕೊಂಡಳು. ಆಮೇಲೆ ಏನೂ ಯೋಚನೆ ಮಾಡದೆ, "ನಿಮ್ಮೋರು ಯಾವಾಗ್ ಬತ್ತಾರಜ್ಜಿ?" ಅಂದಳು.

ಅವಳಿಗೆ ಏನು ಹೇಳಿದೆ ಅಂತ ನೆನಪಿಲ್ಲ. ಏನೋ ಬೈದಿರಬೇಕು.

ಊರಲ್ಲಿ ಎಲ್ಲರೂ ಮುಂದಿನ ವರ್ಷವೂ ಮಾಡೋಣ ಅನ್ನುತ್ತಿದ್ದಾರೆ. ಮಾಯಣ್ಣನೇ ಈಗ ತಲೆ ಎತ್ತಿಕೊಂಡು ಓಡಾಡಿ, ಇದು ನಮ್ಮವ್ವ ಮಾಡಿಸಿದ್ದು ಅಂತ ಹೇಳಿಕೊಳ್ಳುತ್ತಿದ್ದಾನೆ. ಕರು ಹುಲ್ಲು ಕಚ್ಚಲು ಕಲಿತಿದೆ. ನಿಮ್ಮ ಮೊಮ್ಮಕ್ಕಳು ಚೆನ್ನಾಗಿ ಓದಲಿ, ಸುವರ್ಣಮ್ಮನ ತಾಳಿ ಗಟ್ಟಿಯಾಗಿರಲಿ, ಕೆಂಚಪ್ಪನಿಗೆ ಕಾರ್ಖಾನೆಯಲ್ಲಿ ಒಳ್ಳೆಯದಾಗಲಿ. ಅವನ ಮೇಲೂ ನನಗೆ ಸಿಟ್ಟಿಲ್ಲ ಅಂತ ಹೇಳಿ.

ಹೊಂಬಾಳಮ್ಮ

ಮಡಿಸಿಟ್ಟ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಸುವರ್ಣಾ, ಇಷ್ಟನ್ನು ಕೆಂಚಪ್ಪ ಮನೆಯಲ್ಲಿ ಇಲ್ಲದಾಗ, ನಿನ್ನ ಮಾವ ಒಬ್ಬರೇ ಇದ್ದಾಗ ಓದು.

ಪಾಲಾದ ದಿನ ನಾನು ಒಳಗೆ ಪಂಚಾಯ್ತಿಯವರಿಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಜಗಲಿಯ ಮೇಲೆ ಹಿರಿಯ ದೊಡ್ಡಣ್ಣನವರು, "ಹಂಡೆ ಕೆಂಚಪ್ಪಂಗೆ, ಬಾಸು ಮಾಯಣ್ಣಂಗೆ. ಅಪ್ಪ ಕೆಂಚಪ್ಪಂಗೆ, ಅವ್ವ ಮಾಯಣ್ಣಂಗೆ. ಏನಂತೀಯಪ್ಪ?" ಅಂದರು. ನನ್ನನ್ನು ಯಾರೂ ಕೇಳಲಿಲ್ಲ, ನಿಮ್ಮನ್ನು ಕೇಳಿದರು. ನೀವು, "ಆಗ್ಲಿ" ಅಂದಿರಿ. ಅದರ ಹಿಂದೆ ಇನ್ನೊಂದು ಮಾತು ಬರುತ್ತದೆ ಅಂತ ನಾನು ಸೌಟು ಹಿಡಿದುಕೊಂಡೇ ನಿಂತಿದ್ದೆ. ಬರಲಿಲ್ಲ. ರವೆ ಸೀದುಹೋಯಿತು. ಎಲ್ಲರೂ "ಸೀದೈತಲ್ಲ" ಅನ್ನುತ್ತಲೇ ತಿಂದರು, ನೀವೂ ತಿಂದಿರಿ.

ಮೂರು ವರ್ಷದಿಂದ ಆ ಒಂದು ಮಾತನ್ನು ಕಾಯಿಯಂತೆ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದೇನೆ, ಒಳಗೆ ಏನಿದೆ ಅಂತ ಗೊತ್ತಾಗುತ್ತಿಲ್ಲ. ಜೀವಮಾನವೆಲ್ಲ ಬೇರೆಯವರು ಎತ್ತಿದ ಹಾಡಿಗೆ ಭೋಂ ಅಂದುಕೊಂಡು ಬಂದವರು ನೀವು. ಅವತ್ತಿನ "ಆಗ್ಲಿ"ಯೂ ಆ ಭೋಂ ಆಗಿತ್ತಾ, ಇಲ್ಲ ಅದು ನಿಮ್ಮದೇ ಮಾತಾ? ನಿಮ್ಮದೇ ಆಗಿದ್ದರೆ ಹಾಗೇ ಹೇಳಿಬಿಡಿ. ಬಾಸನ್ನು ಚಿಕ್ಕನಾಯಕನಹಳ್ಳಿಯ ಆ ಹುಡುಗನಿಗೆ ಕೊಟ್ಟುಬಿಡುತ್ತೇನೆ. ಅಲ್ಲದಿದ್ದರೆ ಅದನ್ನಾದರೂ ಹೇಳಿ. ಹೊಸ ಮದುಮಕ್ಕಳನ್ನು ಆಷಾಢದಲ್ಲಿ ಬೇರೆ ಇಟ್ಟವರು ಯಾವತ್ತು ಮುಗಿಯುತ್ತದೆ ಅಂತ ಹೇಳಿಯೇ ಇಟ್ಟಿರುತ್ತಾರೆ. ನಮಗೆ ಯಾರೂ ಹೇಳಲಿಲ್ಲ.

ಸುವರ್ಣಾ, ಅವರು ಏನೆನ್ನುತ್ತಾರೋ ಅದನ್ನೇ ಬರಿ. ತಿದ್ದಬೇಡ, ನಿನ್ನ ಒಳ್ಳೆಯ ಮಾತು ಸೇರಿಸಬೇಡ. ಬೈದರೆ ಬೈಗುಳವನ್ನೇ ಬರಿ. ಏನೂ ಅನ್ನದೆ ಬರೀ ಭೋಂ ಅಂದರೆ ಭೋಂ ಅಂತಲೇ ಬರಿ, ನನಗೆ ತಿಳಿಯುತ್ತದೆ. ಶ್ರಾವಣ ಹುಟ್ಟುವುದಕ್ಕೆ ಮುಂಚೆ ಆ ಕಾರ್ಡು ನನ್ನ ಕೈಗೆ ಬಂದಿರಬೇಕು.